ತೊಟ್ಟ ಭಾರ ಬೇರೆ, ಹೊತ್ತ ಭಾರ ಬೇರೆ

ಎಲ್ಲರಿಗೂ ನಮಸ್ಕಾರ. ಆಟದಲ್ಲಿ ಕವಚದ ಭಾರವನ್ನು ಹೇಗೆ ಲೆಕ್ಕ ಹಾಕಬೇಕು ಅನ್ನೋದು ಇವತ್ತಿನ ಮಾತು. ನೇರವಾಗಿ ಒಂದು ಲೆಕ್ಕದಿಂದ ಶುರು ಮಾಡೋಣ.

ಮೇಜಿನ ಸುತ್ತ ಕೂತು, ದಾಳ ಹಾಕಿ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ನ 2014ರ ಐದನೇ ಎಡಿಷನ್ ತಗೊಳ್ಳಿ. ಸ್ಟ್ರೆಂತ್, ಅಂದರೆ ಬಲದ ಅಂಕ, 16 ಇರುವ ಒಬ್ಬ ಫೈಟರ್. ಪ್ಲೇಟ್ ಆರ್ಮರ್ (ಮೈ ಪೂರ್ತಿ ಮುಚ್ಚುವ ಲೋಹದ ತಗಡಿನ ಕವಚ) 65 ಪೌಂಡ್, ಶೀಲ್ಡ್ 6, ಲಾಂಗ್‌ಸ್ವೋರ್ಡ್ 3, ಖಾಲಿ ಬ್ಯಾಕ್‌ಪ್ಯಾಕ್ 5. ಒಟ್ಟು 79 ಆಯಿತು. ಬೇಕಿದ್ದರೆ ಬಳಸಿ ಅಂತ ಪುಸ್ತಕದಲ್ಲಿ ಒಂದು ನಿಯಮ ಇದೆ, ವೇರಿಯಂಟ್ ಎನ್‌ಕಂಬರೆನ್ಸ್. ಅದರ ಪ್ರಕಾರ ಭಾರ ಸ್ಟ್ರೆಂತ್‌ನ ಐದು ಪಟ್ಟು ದಾಟಿದರೆ ವೇಗ 10 ಅಡಿ ಕಡಿಮೆ. ಇವನ ಮಿತಿ 80. ಈಗ ಬ್ಯಾಗಿಗೆ ಒಂದು ದಿನದ ರೇಷನ್ ಹಾಕಿ, 2 ಪೌಂಡ್. ಅಷ್ಟೇ, ಒಂದು ಸರದಿಗೆ 30 ಅಡಿ ಹೋಗುತ್ತಿದ್ದವನು 20ಕ್ಕೆ ಇಳಿದ.

ಈ ನಿಯಮ ಬೇಡ ಅಂದರೆ ಇನ್ನೊಂದು ತುದಿ. ಮಾಮೂಲಿ ನಿಯಮದಲ್ಲಿ ಸ್ಟ್ರೆಂತ್‌ನ ಹದಿನೈದು ಪಟ್ಟು ಹೊರಬಹುದು, ಅಂದರೆ 240 ಪೌಂಡ್, ಹತ್ತಿರ ಹತ್ತಿರ 109 ಕೆಜಿ, ಅದೂ ವೇಗ ಒಂದು ಅಡಿಯೂ ಕಡಿಮೆಯಾಗದೆ! ಹೀಗಾಗಿ ಹೆಚ್ಚಿನ ಟೇಬಲ್‌ಗಳಲ್ಲಿ ಭಾರದ ಕಾಲಂ ಯಾರೂ ತುಂಬುವುದೇ ಇಲ್ಲ. ತುಂಬಿದರೆ ಹಿಂಸೆ, ಬಿಟ್ಟರೆ ಅರ್ಥವೇ ಇಲ್ಲ. ಇದಕ್ಕೆ ಆಟಗಾರರ ಸೋಮಾರಿತನ ಕಾರಣ ಅಂತ ಡಿಎಂಗಳು (ಆಟ ನಡೆಸುವವರು) ಹೇಳುವುದನ್ನು ಕೇಳಿದ್ದೇನೆ. ನಾನು ಒಪ್ಪುವುದಿಲ್ಲ. ಮೈಮೇಲೆ ತೊಟ್ಟ ಕಬ್ಬಿಣವನ್ನೂ ಬೆನ್ನ ಮೇಲಿನ ಬ್ಯಾಗನ್ನೂ ಒಂದೇ ತಕ್ಕಡಿಗೆ ಹಾಕಿರುವುದೇ ನಿಯಮದ ಅಸಲು ದೋಷ.

25 ಕೆಜಿ ಅಕ್ಕಿ ಮೂಟೆ ಹೆಗಲ ಮೇಲಿಟ್ಟುಕೊಂಡು ಒಂದು ಮಹಡಿ ಹತ್ತಿ ನೋಡಿ. ಅದೇ 25 ಕೆಜಿ ತಲೆ, ಎದೆ, ಸೊಂಟ, ತೋಳು, ತೊಡೆಗೆಲ್ಲ ಹಂಚಿಹೋಗಿ, ದೇಹದ ಅಳತೆಗೇ ಮಾಡಿಸಿದ್ದಾಗಿದ್ದರೆ ಹೇಗಿರುತ್ತೆ? 15ನೇ ಶತಮಾನದ ಯುರೋಪಿನ ಯುದ್ಧಕವಚ ಸಾಮಾನ್ಯವಾಗಿ 15ರಿಂದ 25 ಕೆಜಿ ಇರುತ್ತಿತ್ತು. ಬೂಸಿಕೋ ಅಂತ ಹೆಸರಾದ ಫ್ರೆಂಚ್ ಸೇನಾನಿ ಶಿರಸ್ತ್ರಾಣ ಒಂದು ಬಿಟ್ಟು ಉಳಿದೆಲ್ಲ ಕವಚ ತೊಟ್ಟೇ ಲಾಗ ಹಾಕುತ್ತಿದ್ದ ಅಂತ ಅವನ ಕಾಲದಲ್ಲೇ ಬರೆದ ಜೀವನಚರಿತ್ರೆ ಹೇಳುತ್ತದೆ. ನೈಟ್‌ಗಳನ್ನು ಕ್ರೇನ್‌ನಿಂದ ಕುದುರೆ ಮೇಲೆ ಕೂರಿಸುತ್ತಿದ್ದರು ಅನ್ನೋದು ಸುಮ್ನೆ ಕಟ್ಟುಕತೆ. ಮ್ಯೂಸಿಯಂಗಳಲ್ಲಿ ಕಾಣುವ 40 ಕೆಜಿ ದಾಟಿದ ಕವಚಗಳು ಹೆಚ್ಚಾಗಿ ಪಂದ್ಯಕ್ಕೆ ಮಾಡಿಸಿದವು. ಕುದುರೆ ಮೇಲೆ ಕೂತು ನಾಲ್ಕು ಸಲ ಈಟಿ ಹೊಡೆದು ಇಳಿಯುವುದಕ್ಕೆ, ಯುದ್ಧಕ್ಕಲ್ಲ. ಕಬ್ಬಿಣದ ಬಳೆಗಳನ್ನು ಹೆಣೆದು ಮಾಡಿದ ಚೈನ್ ಮೇಲ್ ಕತೆ ಬೇರೆ. ಅದರ ತೂಕವೆಲ್ಲ ಹೆಗಲಿಂದ ಜೋತಾಡುತ್ತದೆ, ಸೊಂಟಕ್ಕೆ ಬಿಗಿಯಾಗಿ ಬೆಲ್ಟ್ ಕಟ್ಟಿದರೆ ಸ್ವಲ್ಪ ಪರವಾಗಿಲ್ಲ.

ಹಾಗಂತ ಪ್ಲೇಟ್ ಪುಕ್ಕಟೆ ಅಂತ ನಾನು ಹೇಳುತ್ತಿಲ್ಲ. 2011ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 30ರಿಂದ 50 ಕೆಜಿ ತೂಗುವ ಕವಚದ ಪ್ರತಿಕೃತಿಗಳನ್ನು ತೊಡಿಸಿ ಜನರನ್ನು ಟ್ರೆಡ್‌ಮಿಲ್ ಮೇಲೆ ನಡೆಸಿದರು, ಓಡಿಸಿದರು. ನಡೆಯಲು ಬೇಕಾದ ಶಕ್ತಿ ಎರಡು ಪಟ್ಟಿಗಿಂತ ಜಾಸ್ತಿ ಆಯಿತು. ಕಾರಣ ಎರಡು. ಕಾಲಿನ ಮೇಲಿರುವ ಲೋಹವನ್ನು ಪ್ರತಿ ಹೆಜ್ಜೆಗೂ ಎತ್ತಿ ಬೀಸಬೇಕು. ಎದೆಗವಚ ಬಿಗಿದಿರುವುದರಿಂದ ಉಸಿರು ಪೂರ್ತಿ ಎಳೆಯಲಾಗದು. ಇಂಗ್ಲಿಷರಿಗೂ ಫ್ರೆಂಚರಿಗೂ ನಡೆದ 1415ರ ಅಜಿನ್‌ಕೋರ್ಟ್ ಯುದ್ಧ ನೆನಪು ಮಾಡಿಕೊಳ್ಳಿ. ಕವಚಧಾರಿ ಫ್ರೆಂಚರು ಉತ್ತ ಹೊಲದ ಕೆಸರಲ್ಲಿ ನಡೆದು ಶತ್ರುವಿನ ಹತ್ತಿರ ಬರುವಷ್ಟರಲ್ಲೇ ಸುಸ್ತಾಗಿದ್ದರು. ಅಂದರೆ ಕವಚ ಮೊದಲು ಕಿತ್ತುಕೊಳ್ಳುವುದು ನಿಮ್ಮ ದಮ್ಮು.

ಆಟ ಇದನ್ನು ಯಾಕೆ ಹಿಡಿಯಲಿಲ್ಲ? ಹುಟ್ಟನ್ನು ನೋಡಿದರೆ ಗೊತ್ತಾಗುತ್ತದೆ. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ 1974ರಲ್ಲಿ ತಂದ ಮೊದಲ ಆವೃತ್ತಿಯಲ್ಲಿ ತೂಕ ಅಳೆಯುತ್ತಿದ್ದದ್ದೇ ನಾಣ್ಯಗಳಲ್ಲಿ. ಪ್ಲೇಟ್ ಅಂದರೆ 750 ನಾಣ್ಯ. ಚಿನ್ನ ಹೊತ್ತು ತಂದದ್ದಕ್ಕೂ ಎಕ್ಸ್‌ಪೀರಿಯನ್ಸ್ (ಪಾತ್ರ ಮೇಲೇರಲು ಬೇಕಾದ ಅಂಕ) ಸಿಗುತ್ತಿದ್ದ ಆಟ ಅದು, ಹಾಗಾಗಿ ಗವಿಯೊಳಗೆ ನಿಂತ ಆಟಗಾರನ ಮುಂದೆ ನಿಜವಾದ ಪ್ರಶ್ನೆ ಇರುತ್ತಿತ್ತು: ಜೀವ ಉಳಿಸುವ ಕಬ್ಬಿಣ ಇಟ್ಟುಕೊಳ್ಳಲಾ, ಇನ್ನೊಂದು ಚೀಲ ಚಿನ್ನ ಹೊರಲಾ? ತುಂಬಾ ಒಳ್ಳೆಯ ನಿಯಮ, ನನಗೆ ಈಗಲೂ ಇಷ್ಟ. ಆಮೇಲೆ ಚಿನ್ನಕ್ಕೆ ಎಕ್ಸ್‌ಪೀರಿಯನ್ಸ್ ಕೊಡುವುದು ಹೋಯಿತು, ತೂಕದ ಪಟ್ಟಿ ಮಾತ್ರ ಉಳಿಯಿತು.

2000ದ ಮೂರನೇ ಎಡಿಷನ್ ಸರಿದಾರಿಗೆ ಬಂದಿತ್ತು. ಫುಲ್ ಪ್ಲೇಟ್‌ಗೆ ಚೆಕ್ ಪೆನಾಲ್ಟಿ ಮೈನಸ್ 6, ಅಂದರೆ ದಾಳದಲ್ಲಿ ಬಿದ್ದದ್ದರಿಂದ 6 ಕಳೆಯಬೇಕು. ಹತ್ತುವುದು, ಹಾರುವುದು, ಬಚ್ಚಿಟ್ಟುಕೊಳ್ಳುವುದು ಎಲ್ಲಕ್ಕೂ ಅದು ಬೀಳುತ್ತಿತ್ತು. ಅದರಲ್ಲೇ ಮಲಗಿದರೆ ಬೆಳಗ್ಗೆ ಮೈ ದಣಿದಿರುತ್ತಿತ್ತು. ಕೂಡಿಸುವ ಕಳೆಯುವ ಕೆಲಸ ಅತಿಯಾಯಿತು, ನಿಜ. ಆದರೆ ಯೋಚನೆ ಸರಿ ಇತ್ತು.

ನನ್ನ ಟೇಬಲ್‌ನಲ್ಲಿ ಈಗ ಹೀಗೆ ಆಡುತ್ತೇವೆ. ತೊಟ್ಟ ಕವಚದ ತೂಕ ಅರ್ಧ ಮಾತ್ರ ಲೆಕ್ಕಕ್ಕೆ. ಬಿಚ್ಚಿ ಹೊತ್ತರೆ ಪೂರ್ತಿ. ನಮ್ಮ ಫೈಟರ್‌ಗೆ ಈಗ ಹಗ್ಗ, ನೀರು, ಊಟ ಎಲ್ಲಕ್ಕೂ ಜಾಗ ಸಿಕ್ಕಿತು. ಬದಲಿಗೆ ಬೆಲೆಯನ್ನು ದಮ್ಮಿನ ಕಡೆಯಿಂದ ವಸೂಲಿ ಮಾಡುತ್ತೇವೆ. ಐದನೇ ಎಡಿಷನ್‌ನ ಚೇಸ್ (ಬೆನ್ನಟ್ಟುವ) ನಿಯಮ ಗೊತ್ತಲ್ವಾ? 3ಕ್ಕೆ ಕಾನ್‌ಸ್ಟಿಟ್ಯೂಷನ್ ಮಾಡಿಫೈಯರ್ (ದೇಹದಾರ್ಢ್ಯದ ಅಂಕ) ಸೇರಿಸಿದಷ್ಟು ಸಲ ಆರಾಮಾಗಿ ಡ್ಯಾಶ್ ಮಾಡಬಹುದು, ಅಂದರೆ ಜೋರಾಗಿ ಓಡಬಹುದು, ಅದರ ಮೇಲೆ ಪ್ರತಿ ಡ್ಯಾಶ್‌ಗೂ ಡಿಸಿ 10 ಚೆಕ್ (ದಾಳ ಹಾಕಿ 10 ಮುಟ್ಟಬೇಕು), ಸೋತರೆ ಒಂದು ಲೆವೆಲ್ ಎಕ್ಸಾಷನ್, ಅಂದರೆ ದಣಿವು. ಹೆವಿ ಆರ್ಮರ್ ತೊಟ್ಟವರಿಗೆ ಆ 3 ಅನ್ನು 1 ಮಾಡಿ. ಕೆಸರು, ಮರಳು, ಬೆಟ್ಟದ ಏರು ಇದ್ದರೂ ಅದೇ ಚೆಕ್ ಹಾಕಿಸಿ. ಶೀಟ್‌ನಲ್ಲಿ ಹೊಸದಾಗಿ ಬರೆಯುವಂಥದ್ದು ಏನೂ ಇಲ್ಲ.

ಇದನ್ನು ತಂದ ಮೇಲೆ ಆಟದಲ್ಲಿ ಮಾತು ಬದಲಾಗಿದೆ. ಪ್ಲೇಟ್ ತೊಟ್ಟವರು ಓಡಿಹೋಗುವ ಗಾಬ್ಲಿನ್ ಹಿಂದೆ ಬೀಳುವುದಿಲ್ಲ, ಬಾಗಿಲಲ್ಲಿ ನಿಂತು ದಾರಿ ಕಟ್ಟುತ್ತಾರೆ. ಅಟ್ಟಿಸಿಕೊಂಡು ಹೋಗುವ ಕೆಲಸ ಲೆದರ್ (ಚರ್ಮದ ಕವಚ) ತೊಟ್ಟ ರೋಗ್‌ದು, ಅಂದರೆ ಚುರುಕು ಕಳ್ಳನ ಪಾತ್ರದ್ದು. ಎಸಿ (ಏಟು ಬೀಳದಂತೆ ಕಾಯುವ ಅಂಕ) 18 ಇರುವವನ ಮೇಲೆ ರೋಗ್ ಆಡುವವರಿಗೆ ಇದ್ದ ಹೊಟ್ಟೆಯುರಿಯೂ ಕಮ್ಮಿಯಾಗಿದೆ. ಹೆವಿ ಆರ್ಮರ್ ತೊಡಲು 10 ನಿಮಿಷ ಬೇಕು, ಬಿಚ್ಚಲು 5 ಅನ್ನುವ ನಿಯಮ ಪುಸ್ತಕದಲ್ಲೇ ಇದೆ, ಅದನ್ನು ಮಾತ್ರ ದಯವಿಟ್ಟು ಬಿಡಬೇಡಿ. ಹೊಳೆ ದಾಟುವ ಮುಂಚೆ ಬಿಚ್ಚಬೇಕಾ ಅಂತ ಐದು ಜನ ಕೂತು ವಾದ ಮಾಡುವಾಗ, ಹಿಂದೆ ಬರುತ್ತಿರುವ ಓರ್ಕ್‌ಗಳು ಎಷ್ಟು ದೂರ ಇದ್ದಾರೆ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ.