ನಿಂಗ್ಬೋಗೆ ಹೋಗಿ ಲಾಬ್‌ಸ್ಟರ್ ಕೇಳಬೇಡಿ

ನಮಸ್ಕಾರ. ನೇರವಾಗಿ ವಿಷಯಕ್ಕೆ ಬರುತ್ತೇನೆ. ಚೀನಾದ ಪೂರ್ವ ಕರಾವಳಿಯ ನಿಂಗ್ಬೋಗೆ ಹೋದರೆ, ದಯವಿಟ್ಟು ಅಲ್ಲಿನ ಮೀನಿನ ಹೋಟೆಲಿನಲ್ಲಿ ಲಾಬ್‌ಸ್ಟರ್ ಕೇಳಬೇಡಿ. ಗಾಜಿನ ತೊಟ್ಟಿಯಲ್ಲಿ ಮೀಸೆ ಆಡಿಸುತ್ತಾ ಇರುತ್ತದೆ, ಫೋಟೋಗೆ ಚೆನ್ನಾಗಿರುತ್ತದೆ, ಸರಿ. ಆದರೆ ಅದು ಸಾಮಾನ್ಯವಾಗಿ ಬೇರೆ ದೇಶದಿಂದ ವಿಮಾನದಲ್ಲಿ ಬಂದದ್ದು. ಆ ಊರಿನ ಕಡಲು ಬೇಕಿದ್ದರೆ ಪಕ್ಕದಲ್ಲಿ ಐಸ್ ಮೇಲೆ ಸಾಲಾಗಿ ಮಲಗಿಸಿರುವ ಮೀನು ನೋಡಿ.

ನಿಂಗ್ಬೋ ಝೆಜಿಯಾಂಗ್ ಪ್ರಾಂತ್ಯದ ದೊಡ್ಡ ಬಂದರು. ಶಾಂಘೈನಿಂದ ವೇಗದ ರೈಲಿನಲ್ಲಿ ಸುಮಾರು ಎರಡು ಗಂಟೆ. ಎದುರಿಗೇ ಝೌಶಾನ್ ದ್ವೀಪಗಳು, ಅವುಗಳ ಸುತ್ತಲಿನ ಕಡಲೇ ಚೀನಾದ ಅತಿ ದೊಡ್ಡ ಮೀನುಗಾರಿಕೆ ಪ್ರದೇಶ. ಅದೇ ಪ್ರಾಂತ್ಯದ ಯಿವೂ ಮಾರುಕಟ್ಟೆಗೆ ಸಾಮಾನು ಖರೀದಿಗೆ ನಮ್ಮ ವ್ಯಾಪಾರಿಗಳು ಹೋಗುತ್ತಾರಲ್ಲ, ಅವರ ಕಂಟೇನರ್‌ಗಳು ಹಡಗು ಹತ್ತುವುದು ಹೆಚ್ಚಾಗಿ ಇದೇ ಬಂದರಿನಲ್ಲಿ. ಮೀನು ತಿನ್ನುವವರೂ ಅಷ್ಟು ಹತ್ತಿರ ಹೋಗಿ, ಯಿವೂನ ಇಂಡಿಯನ್ ಹೋಟೆಲಿನಲ್ಲಿ ದಾಲ್ ರೊಟ್ಟಿ ತಿಂದು ವಾಪಸ್ ಬರುತ್ತಾರೆ ಅಂದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಭಾಷೆ ಬರಲ್ಲ, ಹೇಗೆ ಆರ್ಡರ್ ಮಾಡೋದು ಅಂತೀರಾ? ಈ ಹೋಟೆಲುಗಳಲ್ಲಿ ಭಾಷೆ ಇಲ್ಲದೆಯೂ ಸುಲಭ. ಎಷ್ಟೋ ಕಡೆ ಮೆನು ಪುಸ್ತಕವೇ ಇರುವುದಿಲ್ಲ. ಒಳಗೆ ಹೋದ ತಕ್ಷಣ ಐಸ್ ಕಟ್ಟೆ, ನೀರಿನ ತೊಟ್ಟಿಗಳು. ನಮ್ಮ ಕರಾವಳಿಯವರಿಗೆ ಅರ್ಧಕ್ಕರ್ಧ ಪರಿಚಯದ ಮುಖಗಳೇ: ರಿಬ್ಬನ್ನಿನಂತೆ ಉದ್ದ ಇರುವ ಪಾಂಬೋಲ್, ಮಾಂಜಿ (ಪಾಂಫ್ರೆಟ್), ಬೊಂಡಾಸ್ (ಸ್ಕ್ವಿಡ್), ಏಡಿ, ಮರ್ವಾಯಿ ಥರದ ಚಿಪ್ಪುಗಳು. ಬೆರಳು ತೋರಿಸಿ, ಜೊತೆಗೆ ನಿಂತಿರುವವರು ಬರೆದುಕೊಳ್ಳುತ್ತಾರೆ. ಹಬೆಯಲ್ಲಿ ಬೇಯಿಸಬೇಕಾ, ಈರುಳ್ಳಿ ಹೂವಿನ ಮೇಲೆ ಬಿಸಿ ಎಣ್ಣೆ ಸುರಿದು ಕೊಡಬೇಕಾ, ಸೋಯಾ ಸಾಸ್‌ನಲ್ಲಿ ಕುದಿಸಬೇಕಾ ಅಂತ ಕೇಳುತ್ತಾರೆ, ಫೋನಿನ ಅನುವಾದದ ಆ್ಯಪ್ ಇಷ್ಟಕ್ಕೆ ಸಾಕು. ನನ್ನನ್ನು ಕೇಳಿದರೆ, ತಾಜಾ ಮೀನಿಗೆ ಹಬೆಯೇ ಸರಿ.

ಬೆಲೆ ವಿಷಯದಲ್ಲಿ ಮಾತ್ರ ಹುಷಾರು. ಅಲ್ಲಿ ಲೆಕ್ಕ ಜಿನ್‌ನಲ್ಲಿ, ಒಂದು ಜಿನ್ ಅಂದರೆ 500 ಗ್ರಾಂ. ಕೆಲವು ಐಟಂಗಳಿಗೆ ತೂಕದ ರೇಟು, ಕೆಲವಕ್ಕೆ ಪ್ಲೇಟಿನ ರೇಟು, ಕೆಲವಕ್ಕೆ ಒಂದೊಂದಕ್ಕೆ ಇಷ್ಟು ಅಂತ. 2015ರ ಅಕ್ಟೋಬರ್ ರಜೆಯಲ್ಲಿ, ಇನ್ನೂ ಉತ್ತರಕ್ಕಿರುವ ಚಿಂಗ್ಡಾವ್ ಊರಿನಲ್ಲಿ ಒಂದು ಹೋಟೆಲು ಸಿಗಡಿಗೆ 38 ಯುವಾನ್ ಅಂತ ಹಾಕಿತ್ತು. ಗಿರಾಕಿಗಳು ಅದನ್ನು ಪ್ಲೇಟಿನ ಬೆಲೆ ಅಂದುಕೊಂಡರು. ಬಿಲ್ ಬಂದಾಗ ಒಂದೊಂದು ಸಿಗಡಿಗೂ 38! ಇಡೀ ಚೀನಾದಲ್ಲಿ ಗಲಾಟೆ ಆಯಿತು, ಹೋಟೆಲಿಗೆ 90,000 ಯುವಾನ್ ದಂಡ ಬಿತ್ತು. ಮೋಸ ಹೋದವರು ಚೀನೀಯರೇ, ಓದು ಬರಹ ಬರುವವರೇ. ಹಾಗಾಗಿ ತೂಕ ಹಾಕಿಸಿ, ಮೊತ್ತವನ್ನು ಅವರ ಕ್ಯಾಲ್ಕುಲೇಟರ್‌ನಲ್ಲಿ ನೋಡಿ, ಆಮೇಲೆ ತಲೆಯಾಡಿಸಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ, ಅಲ್ಲಿಯವರೂ ಹಾಗೇ ಮಾಡುತ್ತಾರೆ.

ಈಗ ಅಲ್ಲಿನ ಊಟದ ಬಗ್ಗೆ ನಮ್ಮವರು ಹೇಳುವ ದೂರು, "ಎಲ್ಲಾ ಸಪ್ಪೆ, ಮಸಾಲೆಯೇ ಇಲ್ಲ." ನಾನು ಇದನ್ನು ಒಪ್ಪುವುದಿಲ್ಲ. ನಿಂಗ್ಬೋ ಅಡುಗೆ ನಿಂತಿರುವುದು ಉಪ್ಪಿನ ಮೇಲೆ, ಹುಳಿ ಹಿಡಿಸಿದ ಸೊಪ್ಪು ತರಕಾರಿಯ ಮೇಲೆ. ಸಾಸಿವೆ ಜಾತಿಯ ಸೊಪ್ಪನ್ನು ಉಪ್ಪಿನಲ್ಲಿ ಹಾಕಿಟ್ಟು, ಅದನ್ನು ಮೀನಿನ ಜೊತೆ ಕುದಿಸಿ ಸಾರು ಮಾಡುತ್ತಾರೆ. ಮೂರು ದಿನ ಆ ಸೊಪ್ಪಿನ ಸಾರು ಕುಡಿಯದಿದ್ದರೆ ಕಾಲು ಸೋಲುತ್ತದೆ ಅಂತ ಅಲ್ಲಿ ಗಾದೆಯೇ ಇದೆ. ದಂಟಿನ ಕಾಂಡವನ್ನು ನಾವು ಹುಳಿಗೆ ಹಾಕಿದರೆ, ಅವರು ಕೊಳೆಯುವ ತನಕ ಹುದುಗಿಸಿ ಅನ್ನಕ್ಕೆ ನಂಚಿಕೊಳ್ಳುತ್ತಾರೆ. ವಾಸನೆ ಜೋರು, ಬಾಯಿಗೆ ಇಟ್ಟ ಮೇಲೆ ಬೇರೆಯೇ ರುಚಿ. ಇಂಥದ್ದನ್ನೆಲ್ಲ ಬಿಟ್ಟು, ಬರೀ ಹಬೆ ಮೀನೊಂದನ್ನೇ ಅನ್ನವಿಲ್ಲದೆ ತಿಂದರೆ ಸಪ್ಪೆ ಅನ್ನಿಸದೆ ಇನ್ನೇನು? ಅನ್ನ ಮೊದಲೇ ತನ್ನಿ ಅಂತ ಹೇಳಿ. ಸುಮ್ನೆ ಕೂತರೆ ಅದು ಊಟದ ಕೊನೆಗೆ ಬರುವ ಸಾಧ್ಯತೆಯೇ ಜಾಸ್ತಿ. ಇನ್ನೊಂದು, ಮೀನಿನ ಅಡುಗೆಗೆ ಅಕ್ಕಿಯ ಮದ್ಯ ಹಾಕುವುದು ಅಲ್ಲಿ ಮಾಮೂಲು, ಹಂದಿ ಕೊಬ್ಬೂ ಸೇರಬಹುದು. ಬೇಡದವರು ಆರ್ಡರ್ ಕೊಡುವಾಗಲೇ ಹೇಳಬೇಕು.

ಆ ಸೊಪ್ಪಿನ ಸಾರಿಗೆ ಹೆಸರಾದ ಮೀನು ದೊಡ್ಡ ಯೆಲ್ಲೋ ಕ್ರೋಕರ್. ಅದರ ಕಥೆ ಕೇಳಿದರೆ ಹೊಟ್ಟೆ ಉರಿಯುತ್ತದೆ. ಈ ಮೀನಿನ ತಲೆಯಲ್ಲಿ ಕಲ್ಲಿನಂಥ ಕಿವಿಮೂಳೆ ಇರುತ್ತದೆ. 1950ರ ದಶಕದಲ್ಲಿ ಸಾಲು ದೋಣಿಗಳಲ್ಲಿ ಕೂತು ಮರದ ಹಲಗೆ ಬಡಿದು, ಆ ಸದ್ದು ಕಿವಿಮೂಳೆಗೆ ಬಡಿದು ಮೀನಿಗೆ ತಲೆಸುತ್ತು ಬರುವಂತೆ ಮಾಡಿ, ಮರಿ ದೊಡ್ಡದು ಅನ್ನದೆ ಬಾಚಿದರು. ಸಾಲದ್ದಕ್ಕೆ 1974ರಲ್ಲಿ ಚಳಿಗಾಲ ಕಳೆಯಲು ಆಳದಲ್ಲಿ ಗುಂಪು ಸೇರುತ್ತಿದ್ದ ಮೀನುಗಳನ್ನೂ ಹುಡುಕಿಕೊಂಡು ಹೋದರು. ಆಮೇಲೆ ಸಂತತಿ ಕುಸಿದೇ ಹೋಯಿತು. ಈಗ ಸಿಗುವುದು ಬಹುಪಾಲು ದಕ್ಷಿಣದ ಫುಜಿಯಾನ್ ಪ್ರಾಂತ್ಯದ ನಿಂಗ್ಡೆಯಲ್ಲಿ ಸಾಕಿದ್ದು. ಕಡಲಲ್ಲಿ ಹಿಡಿದದ್ದಕ್ಕೆ ಸಾವಿರಾರು ಯುವಾನ್ ಕೇಳುತ್ತಾರೆ. ದುಡ್ಡಿದ್ದರೂ ಅದನ್ನು ತೆಗೆದುಕೊಳ್ಳಬೇಡಿ ಅನ್ನುತ್ತೇನೆ ನಾನು. ಉಳಿದಿರುವುದೇ ಅಷ್ಟು, ಅದಾದರೂ ಬದುಕಲಿ. ಸಾಕಿದ ಮೀನಿನ ಸಾರೂ ಚೆನ್ನಾಗಿಯೇ ಇರುತ್ತದೆ.

ಹೋಗುವ ಕಾಲವೂ ಮುಖ್ಯ. ನಮ್ಮಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿ ಕಡಲಿಗೆ ಇಳಿಯುವಂತಿಲ್ಲ ಅಲ್ವಾ? ಅಲ್ಲಿ 1995ರಿಂದ ಬೇಸಿಗೆ ನಿಷೇಧ ಇದೆ, ಈಗ ಮೇ 1ಕ್ಕೆ ಶುರುವಾಗಿ ಬಲೆಯ ಬಗೆ ನೋಡಿಕೊಂಡು ಆಗಸ್ಟ್, ಸೆಪ್ಟೆಂಬರ್ ತನಕ ನಡೆಯುತ್ತದೆ. ಹಾಗಾಗಿ ಅಕ್ಟೋಬರ್ ನಂತರ ಹೋಗಿ. ಆಗ ಏಡಿ ತುಂಬಿಕೊಂಡಿರುತ್ತದೆ. ಚಳಿಗಾಲದಲ್ಲಿ ಕೆಂಪು ಮೊಟ್ಟೆ ತುಂಬಿದ ಏಡಿಯನ್ನು ಉಪ್ಪುನೀರಲ್ಲಿ ನೆನೆಸಿ ಹಸಿಯಾಗಿಯೇ ಕತ್ತರಿಸಿ ಕೊಡುತ್ತಾರೆ. ಊರಿನವರ ಹೆಮ್ಮೆ ಅದು. ಹೊಟ್ಟೆ ಸೂಕ್ಷ್ಮ ಇರುವವರು, ಬಸುರಿಯರು ಮುಟ್ಟಬೇಡಿ, ಹಬೆಯಲ್ಲಿ ಬೆಂದ ಏಡಿ ತೆಗೆದುಕೊಳ್ಳಿ.

ಪಾಂಬೋಲ್ ಮಾತ್ರ ಬಿಡಬೇಡಿ. ನಮ್ಮ ಪಶ್ಚಿಮ ಕರಾವಳಿಯಿಂದ ಹೆಪ್ಪುಗಟ್ಟಿಸಿ ಚೀನಾಕ್ಕೇ ಕಳಿಸುವ ಮೀನು ಇದು, ನಮ್ಮಲ್ಲಿ ಅಂಜಲ್, ಮಾಂಜಿಗೆ ಸಿಗುವ ಮರ್ಯಾದೆ ಇದಕ್ಕೆ ಇಲ್ಲ. ಝೌಶಾನ್‌ನಲ್ಲಿ ಚಳಿಗಾಲದ ಪಾಂಬೋಲ್‌ಗೆ ಕೊಬ್ಬು ಏರಿರುತ್ತದೆ. ಅದು ಹಬೆಯಲ್ಲಿ, ಒಂದು ತಟ್ಟೆ ಮರ್ವಾಯಿ ಥರದ ಚಿಪ್ಪು ಈರುಳ್ಳಿ ಎಣ್ಣೆಯಲ್ಲಿ, ಸೊಪ್ಪಿನ ಮೀನು ಸಾರು, ಅನ್ನ. ಇಬ್ಬರಿಗೆ ಇಷ್ಟು ಧಾರಾಳ ಸಾಕು.