ವಾಪಸ್ ಬಸ್ಸು ಎಷ್ಟು ಗಂಟೆಗೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಕಾರಿಲ್ಲದೆ, ಟೂರ್ ಪ್ಯಾಕೇಜಿಲ್ಲದೆ, ಬೆನ್ನಿಗೊಂದು ಬ್ಯಾಗು ಏರಿಸಿಕೊಂಡು ಬಸ್ಸಿನಲ್ಲೇ ಮಲೆನಾಡು ನೋಡಬೇಕು ಅಂತ ಹೊರಟವರಿಗಾಗಿ ಈ ಮಾತು. ನೀವು ದಾವಣಗೆರೆಯವರಿರಬಹುದು, ಬೆಂಗಳೂರಿನ ಪಿ.ಜಿ.ಯಲ್ಲಿ ಕೂತು ಮೊಬೈಲಿನಲ್ಲಿ ಜೋಗ ನೋಡುತ್ತಿರುವವರಿರಬಹುದು. ಬನ್ನಿ. ಮಳೆಗಾಲದಲ್ಲೇ ಬನ್ನಿ, ಪುನರ್ವಸು, ಪುಷ್ಯ ಮಳೆ ಹೊಯ್ಯುವಾಗಲೇ ಬನ್ನಿ. ಆದರೆ ಎಲ್ಲೇ ಇಳಿಯಿರಿ, ಚಹಾ ಕುಡಿಯುವ ಮೊದಲು, ಫೋಟೋ ತೆಗೆಯುವ ಮೊದಲು, ಒಂದು ಪ್ರಶ್ನೆ ಕೇಳಿಬಿಡಿ: "ವಾಪಸ್ ಬಸ್ಸು ಎಷ್ಟು ಗಂಟೆಗೆ?"

ಮಲೆನಾಡಿನ ಹಳ್ಳಿ ಬಸ್ಸಿನ ಲೆಕ್ಕವೇ ಬೇರೆ. ಸಂಜೆ ಪೇಟೆ ಬಿಟ್ಟ ಕೊನೇ ಬಸ್ಸು ಹಳ್ಳಿಗೆ ಹೋಗಿ ಅಲ್ಲೇ ಉಳಿಯುತ್ತದೆ. ಅದಕ್ಕೆ ಹಾಲ್ಟ್ ಬಸ್ಸು ಅಂತಲೇ ಹೆಸರು. ಡ್ರೈವರು, ಕಂಡಕ್ಟರು ರಾತ್ರಿ ಅಲ್ಲೇ ಮಲಗಿ, ಬೆಳಗ್ಗೆ ಕಾಲೇಜು ಮಕ್ಕಳನ್ನು ಹತ್ತಿಸಿಕೊಂಡು ಪೇಟೆಗೆ ಮರಳುತ್ತಾರೆ. ಅಂದರೆ ಸಂಜೆ ಬಂದ ಬಸ್ಸು ನಿಮ್ಮ ಕಣ್ಣೆದುರೇ ನಿಂತಿರುತ್ತದೆ, ಆದರೆ ಹೊರಡುವುದು ಮರುದಿನ! ಹೋಗುವ ಕೊನೇ ಬಸ್ಸು ಬೇರೆ, ಬರುವ ಕೊನೇ ಬಸ್ಸು ಬೇರೆ. ಬರುವ ಬಸ್ಸು ಎಷ್ಟೋ ಊರಲ್ಲಿ ಮಧ್ಯಾಹ್ನವೇ ಹೋಗಿ ಆಗಿರುತ್ತದೆ.

ಕೇಳುವುದಕ್ಕೂ ಒಂದು ಕ್ರಮವಿದೆ. "ಬಸ್ಸಿದೆಯಾ?" ಅಂದರೆ "ಇದೆ ಮಾರಾಯ್ರೆ, ಬರ್ತದೆ" ಅನ್ನುತ್ತಾರೆ. ದೂರದಿಂದ ಬಂದವರಿಗೆ ಇಲ್ಲ ಅನ್ನಬಾರದೆಂಬ ಸೌಜನ್ಯ ಅದು. ಅದರ ಬದಲು "ನಿನ್ನೆ ಎಷ್ಟು ಗಂಟೆಗೆ ಬಂತು?" ಅಂತ ಕೇಳಿ. ನಿನ್ನೆಯದನ್ನು ಕಣ್ಣಾರೆ ನೋಡಿರುತ್ತಾರೆ, ಉತ್ತರ ಸರಿಯಾಗಿ ಬರುತ್ತದೆ. ಮೊದಲು ನೀವು ಇಳಿಯುವ ಬಸ್ಸಿನ ಕಂಡಕ್ಟರನ್ನು ಕೇಳಿ, ಆಮೇಲೆ ಎದುರಿನ ಗೂಡಂಗಡಿಯವರನ್ನು. ಇಬ್ಬರ ಮಾತೂ ಕೂಡಿದರೆ ನಂಬಿ. ಭಾನುವಾರವಾದರೆ "ಇವತ್ತು ಭಾನುವಾರ, ಇವತ್ತೂ ಬರ್ತದಾ?" ಅಂತ ಬೇರೆಯಾಗಿ ಕೇಳಿ, ಯಾಕೆಂದರೆ ಶಾಲೆ ಮಕ್ಕಳನ್ನೇ ನಂಬಿದ ಟ್ರಿಪ್ಪುಗಳು ರಜೆಯ ದಿನ ತಪ್ಪುತ್ತವೆ. ದೂರದ ಮಾತೂ ಹಾಗೆಯೇ. "ಇಲ್ಲೇ, ಒಂದು ಗುಡ್ಡ ಇಳಿದರೆ ಆಯ್ತು" ಅಂದರೆ ಇಳಿಯಲು ಒಂದು ಗಂಟೆ, ಹತ್ತಲು ಒಂದೂವರೆ ಗಂಟೆ ಅಂತ ತಿಳಿಯಿರಿ.

ಶಿವಮೊಗ್ಗದಲ್ಲಿ ಸರ್ಕಾರಿ ಬಸ್ ನಿಲ್ದಾಣ ಒಂದು, ಖಾಸಗಿ ನಿಲ್ದಾಣ ಇನ್ನೊಂದು. ಎರಡೂ ಕಡೆ ವಿಚಾರಿಸಿ. ಹಳ್ಳಿಗಾಡಿನ ದಾರಿಗಳಲ್ಲಿ ಖಾಸಗಿ ಬಸ್ಸೇ ಹೆಚ್ಚು, ಅಲ್ಲಿ ಶಕ್ತಿ ಯೋಜನೆಯ ಉಚಿತ ಪ್ರಯಾಣ ಇಲ್ಲ. ಹೆಣ್ಣುಮಕ್ಕಳು ಕೂಡ ಚಿಲ್ಲರೆ ಇಟ್ಟುಕೊಂಡೇ ಹತ್ತಿ. ಕಾಡು ದಾರಿಯಲ್ಲಿ ನೆಟ್‌ವರ್ಕ್ ಹೋದರೆ ಫೋನ್‌ಪೇಯೂ ಇಲ್ಲ, ಗೂಗಲ್‌ಪೇಯೂ ಇಲ್ಲ. ಹತ್ತು, ಇಪ್ಪತ್ತು, ಐವತ್ತರ ನೋಟು ಐನೂರು ರೂಪಾಯಿಯಷ್ಟಾದರೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಳಜೇಬಿನಲ್ಲಿರಲಿ.

ವಾಪಸ್ ಹೋಗುವ ಪ್ರಶ್ನೆಯ ಬೆಲೆ ತಿಳಿಯಬೇಕಾದರೆ ಸಾಗರ ತಾಲ್ಲೂಕಿನ ತುಮರಿ ಕಡೆಯವರನ್ನು ಕೇಳಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ಶರಾವತಿ ಹಿಂದಕ್ಕೆ ಹರಡಿದಾಗ ಗದ್ದೆ, ತೋಟ, ದಾರಿ ಎಲ್ಲ ನೀರಿನಡಿಗೆ ಹೋದವು. ಅದಕ್ಕೂ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೂ ಇಡಿಯಾಗಿ ಮುಳುಗಿತು. ಬೇಸಗೆ ಕೊನೆಗೆ ನೀರು ತೀರಾ ಇಳಿದ ವರ್ಷ ಮಡೆನೂರಿನ ಹತ್ತಿರ ಅದು ಮೇಲೆದ್ದು ನಿಲ್ಲುತ್ತದೆ. ಅಣೆಕಟ್ಟೆಯ ಹೊಟ್ಟೆಯೊಳಗೆ ಇನ್ನೊಂದು ಅಣೆಕಟ್ಟೆ, ಅಂಥ ನೋಟ ಇನ್ನೆಲ್ಲಿ ಸಿಗಬೇಕು! ಹೀಗೆ ತುಮರಿ, ಸಿಗಂದೂರಿನ ಕಡೆಯವರಿಗೆ ಸಾಗರ ಪೇಟೆ ಹಿನ್ನೀರಿನ ಆಚೆ ದಡವಾಯಿತು. ಅಂಬಾರಗೋಡ್ಲು ದಡದಿಂದ ಕಳಸವಳ್ಳಿ ದಡಕ್ಕೆ ಲಾಂಚ್ ಬಂತು. ಕಬ್ಬಿಣದ ಚಪ್ಪಟೆ ಹಾಸು, ಮುಂದೆ ಮಡಚುವ ಹಲಗೆ. ಹಲಗೆಯನ್ನು ದಡಕ್ಕೆ ಇಳಿಬಿಟ್ಟರೆ ಬಸ್ಸು ಸೀದಾ ಅದರ ಮೇಲೆ ಹತ್ತಬೇಕಿತ್ತು. ಬಸ್ಸು, ಜೀಪು, ಬೈಕು ಹತ್ತಿ ನಿಂತ ಮೇಲೆ ನಡುನಡುವೆ ಜನ, ಅಕ್ಕಿ ಮೂಟೆ, ಮದುವೆ ದಿಬ್ಬಣ. ಬೇಸಗೆಯಲ್ಲಿ ನೀರು ಹಿಂದೆ ಸರಿದಾಗ ಹಲಗೆ ಗಟ್ಟಿ ನೆಲಕ್ಕೆ ತಾಗುತ್ತಿರಲಿಲ್ಲ, ಕೆಸರಲ್ಲಿ ಚಕ್ರ ಹೂತುಹೋಗುತ್ತಿತ್ತು. ಆಗ ವಾಹನ ಬಂದ್, ಜನ ಮಾತ್ರ. ಈ ದಡದಲ್ಲಿ ಒಂದು ಬಸ್ಸು ಇಳಿದು, ಲಾಂಚ್ ದಾಟಿ, ಆ ದಡದಲ್ಲಿ ಇನ್ನೊಂದು ಬಸ್ಸು ಹತ್ತುವುದು. ಕತ್ತಲಾದ ಮೇಲೆ ಲಾಂಚ್ ಇರುತ್ತಿರಲಿಲ್ಲ. ಕೊನೇ ಲಾಂಚ್ ತಪ್ಪಿದರೆ ಹೊಸನಗರ ಸುತ್ತಿ ಹೋಗಬೇಕಿತ್ತು, ಇಲ್ಲವೇ ಈ ದಡದಲ್ಲೇ ರಾತ್ರಿ ಕಳೆಯಬೇಕಿತ್ತು. ಹಾಗಾಗಿ ಆಸ್ಪತ್ರೆಗೆ ಹೋಗಲಿ, ಸಂತೆಗೆ ಹೋಗಲಿ, ನೆಂಟರ ಮನೆ ಊಟಕ್ಕೆ ಹೋಗಲಿ, ಆ ಕಡೆಯವರ ಕಣ್ಣು ಗಡಿಯಾರದ ಮೇಲೇ ಇರುತ್ತಿತ್ತು. 2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾಯಿತು, ಎರಡು ಕಿಲೋಮೀಟರಿಗೂ ಉದ್ದದ ಕೇಬಲ್ ಸೇತುವೆ. ಈಗ ದಾಟುವುದು ನಿಮಿಷಗಳ ಮಾತು. ಬೆಳಗ್ಗೆ ಮಂಜು ನೀರಿನ ಮೇಲೆ ಕೂತಿರುವಾಗ ದಾಟಿ ನೋಡಿ. ಆದರೆ ಸೇತುವೆಗೆ ಕೊನೇ ಟ್ರಿಪ್ಪಿಲ್ಲ, ಬಸ್ಸಿಗೆ ಇದೆ. ಸಿಗಂದೂರಲ್ಲಿ ಇಳಿದ ತಕ್ಷಣ ಕೇಳಿ: ವಾಪಸ್ ಬಸ್ಸು ಎಷ್ಟು ಗಂಟೆಗೆ?

ಲಾಂಚಿನ ವಿಷಯಕ್ಕೇ ಅರ್ಧ ಸಮಯ ಹೋಯಿತು. ಉಂಬಳದ, ಅಂದರೆ ರಕ್ತ ಹೀರುವ ಕಾಡು ಜಿಗಣೆಯ ವಿಷಯ ಹೇಳದೆ ಬಿಡುವ ಹಾಗಿಲ್ಲ. ಕೆಲವು ಕಡೆ ಇಂಬಳ ಅಂತಾರೆ. ದಯವಿಟ್ಟು ಹೆದರಬೇಡಿ, ಅದರಿಂದ ಯಾರೂ ಸಾಯುವುದಿಲ್ಲ. ನೆಲದ ಅದುರು, ಮೈಯ ಬಿಸಿ, ಉಸಿರಿನ ವಾಸನೆ, ಇವುಗಳಿಂದ ಅದಕ್ಕೆ ನಿಮ್ಮ ಸುಳಿವು ಸಿಗುತ್ತದೆ. ಸಾಲಿನಲ್ಲಿ ಮೊದಲು ಹೋದವರ ಹೆಜ್ಜೆಗೆ ಎಚ್ಚೆತ್ತದ್ದು ಹಿಂದಿನವರನ್ನು ಹಿಡಿಯುತ್ತದೆ. ಸಡಿಲ ನೇಯ್ಗೆಯ ಸಾಕ್ಸಿನ ತೂತಿನಲ್ಲಿ ದಾರದಂತೆ ನುಸುಳಿಬಿಡುತ್ತದೆ, ಆದ್ದರಿಂದ ಒತ್ತು ನೇಯ್ಗೆಯ ಬಟ್ಟೆಯ, ಮೊಣಕಾಲವರೆಗಿನ ಸಾಕ್ಸ್ ಬೇಕು, ಪ್ಯಾಂಟು ಅದರ ಒಳಗೆ ಹೋಗಬೇಕು. ಮೇಲೆ ಹೊಗೆಸೊಪ್ಪು ನೆನೆಸಿದ ನೀರು ಅಥವಾ ಸುಣ್ಣ ಸವರಿ. ಮಳೆಗೆ ತೊಳೆದುಹೋಗುತ್ತದೆ, ಗಂಟೆಗೊಮ್ಮೆ ಮತ್ತೆ ಸವರಿ. ತರಗೆಲೆಯ ಮೇಲೆ ನಿಲ್ಲಬೇಡಿ, ಬಂಡೆಯ ಮೇಲೋ ಟಾರು ರಸ್ತೆಯ ಮೇಲೋ ನಿಂತು ಕಾಲು ನೋಡಿಕೊಳ್ಳಿ.

ಹತ್ತಿಬಿಟ್ಟಿತಾ? ಜಗ್ಗಬೇಡಿ, ಬೆಂಕಿ ತೋರಿಸಬೇಡಿ. ಕಚ್ಚಿಕೊಂಡಿರುವಾಗ ಉಪ್ಪು ಹಾಕಿದರೆ ಹೊಟ್ಟೆಯಲ್ಲಿರುವುದನ್ನು ಗಾಯಕ್ಕೇ ಕಕ್ಕುತ್ತದೆ. ಅದರ ಸಪೂರ ತುದಿ ಬಾಯಿ, ದಪ್ಪ ತುದಿ ಹಿಂಭಾಗ. ಸಪೂರ ತುದಿಯ ಪಕ್ಕದಲ್ಲಿ ಚರ್ಮಕ್ಕೆ ಉಗುರು ಒತ್ತಿ ಅಡ್ಡಕ್ಕೆ ಜಾರಿಸಿ, ಬಾಯಿ ಬಿಡುತ್ತದೆ. ತಕ್ಷಣ ದಪ್ಪ ತುದಿಯನ್ನೂ ಹಾಗೇ ಬಿಡಿಸಿ ದೂರ ಚಿಮ್ಮಿಸಿ. ರಕ್ತ ಬೇಗ ನಿಲ್ಲುವುದಿಲ್ಲ, ಹೆಪ್ಪುಗಟ್ಟದಂತೆ ತಡೆಯುವ ಹಿರುಡಿನ್ ಅನ್ನುವ ವಸ್ತು ಅದರ ಜೊಲ್ಲಿನಲ್ಲಿದೆ. ಸೋಪು ಹಾಕಿ ತೊಳೆದು, ಹತ್ತಿ ಇಟ್ಟು, ಹತ್ತು ಹದಿನೈದು ನಿಮಿಷ ಒತ್ತಿ ಹಿಡಿಯಿರಿ. ಮರುದಿನ ತುರಿಸುತ್ತದೆ. ಕೆರೆದರೆ ಹುಣ್ಣು.

ಬಟ್ಟೆಯ ಮಾತು ಎಷ್ಟು ಹೇಳಿದರೂ ಜೀನ್ಸ್ ಹಾಕಿಕೊಂಡೇ ಬರುತ್ತಾರೆ! ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ, ನೆನೆದ ಜೀನ್ಸ್ ಮೂರು ದಿನವಾದರೂ ಒಣಗದು. ತೆಳು ನೈಲಾನ್ ಪ್ಯಾಂಟು ತನ್ನಿ. ಉಳಿದ ಮನೆಯಲ್ಲಿ ಬಚ್ಚಲೊಲೆ ಇದ್ದರೆ ಕೇಳಿ, ಅದರ ಮೇಲೆ ಹರವಿದರೆ ಬೆಳಗಾಗುವುದರೊಳಗೆ ಗರಿಗರಿ. ಶೂ ಒಳಗೆ ಹಳೇ ಪೇಪರ್ ತುರುಕಿ. ಬ್ಯಾಗಿಗೆ ಹೊರಗಿನ ಕವರು ಸಾಲದು, ಬೆನ್ನಿನ ಕಡೆಯಿಂದ ನೀರಿಳಿಯುತ್ತದೆ. ಒಳಗೆ ದೊಡ್ಡ ಕಸದ ಚೀಲವೊಂದನ್ನು ಹಾಸಿ, ಅದರೊಳಗೆ ಬಟ್ಟೆ ಇಡಿ.

ಆಗುಂಬೆ ಘಾಟಿಯಲ್ಲಿ 14 ಹಿಮ್ಮುರಿ ತಿರುವು, ಓಡುವುದು ಮಿನಿ ಬಸ್ಸು. ಹಿಂದಿನ ಸೀಟು ಬೇಡ. ಎರಡು ಇಡ್ಲಿ ತಿಂದು, ಮುಂದೆ ಕೂತು, ರಸ್ತೆ ನೋಡುತ್ತಿರಿ, ವಾಂತಿ ಬರುವುದಿಲ್ಲ. ಜೋಗಕ್ಕೆ ರಾತ್ರಿ ರೈಲಿನಲ್ಲಿ ಬಂದು ಕೊನೇ ನಿಲ್ದಾಣ ತಾಳಗುಪ್ಪದಲ್ಲಿ ಇಳಿಯಬಹುದು. ಮಂಜು ಮುಚ್ಚಿದೆ ಅಂತ ಹತ್ತೇ ನಿಮಿಷಕ್ಕೆ ತಿರುಗಿ ಹೋಗಬೇಡಿ. ಒಂದು ಗಾಳಿ ಬೀಸಿದರೆ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಒಟ್ಟಿಗೆ ತೆರೆದುಕೊಳ್ಳುತ್ತವೆ, 253 ಮೀಟರ್ ಎತ್ತರದಿಂದ. ಒಂದು ಗಂಟೆ ಕಾಯಿರಿ.

ಹೊಳೆಗೆ ಇಳಿಯಬೇಡಿ. ತಿಳಿನೀರು ಇದ್ದಕ್ಕಿದ್ದಂತೆ ಕೆಂಪಾಗಿ ತರಗೆಲೆ, ಕಡ್ಡಿ ತೇಲಿಬಂತು ಅಂದರೆ ಮೇಲೆಲ್ಲೋ ಜಡಿಮಳೆಯಾಗಿದೆ. ದಡದಲ್ಲಿದ್ದರೂ ಆ ಕ್ಷಣವೇ ಮೇಲೆ ಹತ್ತಿ.

ಇಷ್ಟೆಲ್ಲ ಕೇಳಿಯೂ ಬಸ್ಸು ತಪ್ಪಿತೋ, ಆ ಹಾಲ್ಟ್ ಬಸ್ಸಿನ ಕಂಡಕ್ಟರನ್ನೇ ಹುಡುಕಿ. ಊರಲ್ಲಿ ಯಾರ ಮನೆಯಲ್ಲಿ ಜಾಗ ಸಿಗುತ್ತದೆ ಅನ್ನುವುದು ಅವರಿಗೆ ಗೊತ್ತಿರುತ್ತದೆ. ಬೆಳಗ್ಗೆ ಎಷ್ಟಕ್ಕೆ ಹೊರಡುತ್ತದೆ ಅಂತ ಕೇಳಿಕೊಂಡು, ಅದಕ್ಕೆ ಹತ್ತು ನಿಮಿಷ ಮುಂಚೆಯೇ ಹೋಗಿ ಬಸ್ಸಿನೊಳಗೆ ಕೂತಿರಿ.

ನಮಸ್ಕಾರ.