ಗೆರೆಯ ಪಕ್ಕ ನಿಂತ ಓಟಗಾರ

ನಮಸ್ಕಾರ. ಶಾಲೆಯ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು, ಸೀಟಿ ಹಿಡಿದು ನಿಲ್ಲುವ ದೈಹಿಕ ಶಿಕ್ಷಕರೇ, ಇಂದಿನ ಮಾತು ನಿಮಗಾಗಿ.

ಸ್ವೀಡನ್ನಿನ ಕ್ರಿಸ್ಟಿಯನ್ ಹೆಲ್‌ಸ್ಟ್ರೋಮ್ ಅವರ ಹೆಸರನ್ನು ಬಹುಶಃ ನೀವು ಕೇಳಿಲ್ಲ. ಕೇಳಿರಬೇಕಿತ್ತು. 1906ರಲ್ಲಿ ಅಥೆನ್ಸಿನಲ್ಲಿ 1500 ಮೀಟರ್ ಓಡಿ ಕಂಚು ಗೆದ್ದವರು. ಆರು ವರ್ಷಗಳ ಬಳಿಕ ಸ್ಟಾಕ್‌ಹೋಮ್ ಒಲಿಂಪಿಕ್ ಸಂಘಟನಾ ಸಮಿತಿಯ ಕಾರ್ಯದರ್ಶಿ. ಓಡುವವನಷ್ಟೇ ಓಟವನ್ನು ಅಳೆಯುವವನೂ ಮುಖ್ಯ. ಇದೊಂದು ಮಾತು ನೆನಪಿರಲಿ.

ಏಕೆ ಗೊತ್ತೇ? 1908ರ ಲಂಡನ್ ಒಲಿಂಪಿಕ್ಸ್‌ನ 400 ಮೀಟರ್ ಅಂತಿಮ ಓಟದಲ್ಲಿ, ಅಮೆರಿಕದವನೊಬ್ಬ ಬ್ರಿಟನ್ನಿನ ಹಾಲ್ಸ್‌ವೆಲ್ಲನಿಗೆ ಅಡ್ಡ ಬಂದನೆಂದು ಬ್ರಿಟಿಷ್ ತೀರ್ಪುಗಾರರು ಓಟವನ್ನೇ ರದ್ದು ಮಾಡಿದರು. ಮರು ಓಟಕ್ಕೆ ಅಮೆರಿಕದವರು ಬರಲಿಲ್ಲ. ಹಾಲ್ಸ್‌ವೆಲ್ ಒಬ್ಬನೇ ಓಡಿ ಚಿನ್ನ ಪಡೆದ. ಅಡ್ಡ ಬರುವುದೆಂದರೇನು ಎಂಬುದಕ್ಕೆ ಒಂದೊಂದು ದೇಶದಲ್ಲಿ ಒಂದೊಂದು ಅರ್ಥವಿದ್ದರೆ ಇನ್ನೇನಾದೀತು?

ಸ್ಟಾಕ್‌ಹೋಮಿನಲ್ಲಿ ಹಾಗಾಗಲಿಲ್ಲ. 1912ರ ಜುಲೈ 10, ಹೆಲ್‌ಸ್ಟ್ರೋಮ್ ಅವರದೇ ಓಟವಾದ 1500 ಮೀಟರ್. ಕೊನೆಯ ಸುತ್ತಿನಲ್ಲಿ ಅಮೆರಿಕದವರು ಮುಂದಿದ್ದರು. ಗೆರೆ ಹತ್ತಿರವಾಗುತ್ತಿದ್ದಂತೆ ಆಕ್ಸ್‌ಫರ್ಡ್ ವಿದ್ಯಾರ್ಥಿ ಆರ್ನಲ್ಡ್ ಜಾಕ್ಸನ್ ಹೊರಬದಿಯಿಂದ ನುಗ್ಗಿ ಬಂದ. 3 ನಿಮಿಷ 56.8 ಸೆಕೆಂಡ್, ಚಿನ್ನ! ಅವನ ಬೆನ್ನಿಗೇ ಅಮೆರಿಕದ ಕಿವಿಯಟ್ ಮತ್ತು ಟೇಬರ್. ಇಬ್ಬರ ಸಮಯವೂ 3:56.9. ಯಾರು ಎರಡನೆಯವರು? ಬರಿಗಣ್ಣಿಗೆ ತಿಳಿಯಲಿಲ್ಲ. ಆದರೆ ಗೆರೆಯ ಬಳಿ ಕ್ಯಾಮೆರಾ ಇಟ್ಟಿದ್ದರು! ಚಿತ್ರ ನೋಡಿ ಬೆಳ್ಳಿಯನ್ನು ಕಿವಿಯಟ್‌ಗೆ ಕೊಟ್ಟರು. ಇದನ್ನು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ. ಓಡಿದವನ ಶ್ರಮ ಕೂದಲೆಳೆಯಷ್ಟೂ ವ್ಯರ್ಥವಾಗಬಾರದೆಂದು ಯಾರೋ ಮೊದಲೇ ಯೋಚಿಸಿದ್ದರಲ್ಲ! ಅಂದಾಜಿನಲ್ಲಿ ಮೊದಲು, ಎರಡನೆಯದು ಎಂದು ಕೂಗಿಬಿಡುವವರು ದಯವಿಟ್ಟು ಇದನ್ನು ಗಮನಿಸಬೇಕು.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಆ ಕೂಟದ ಬೆನ್ನಲ್ಲೇ ಸ್ಟಾಕ್‌ಹೋಮಿನಲ್ಲಿ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ ಹುಟ್ಟಿತು. ಅಧ್ಯಕ್ಷರು ಸಿಗ್‌ಫ್ರಿಡ್ ಎಡ್‌ಸ್ಟ್ರೋಮ್, ಮೊದಲ ಕಾರ್ಯದರ್ಶಿ ನಮ್ಮ ಹೆಲ್‌ಸ್ಟ್ರೋಮ್. ಎಲ್ಲ ದೇಶಗಳಿಗೂ ಒಂದೇ ನಿಯಮ, ಒಂದೇ ದಾಖಲೆ ಪಟ್ಟಿ ಎಂಬುದು ಅದರ ಗುರಿ. ಓಡುವವನಷ್ಟೇ ಅಳೆಯುವವನೂ ಮುಖ್ಯ ಎಂದೆನಲ್ಲ, ಅದೇ ಇದು.

1914ರಲ್ಲಿ ಒಕ್ಕೂಟದ ಮೊದಲ ವಿಶ್ವದಾಖಲೆ ಪಟ್ಟಿ ಬಂತು. ಪುರುಷರ 1500 ಮೀಟರ್: 3 ನಿಮಿಷ 55.8 ಸೆಕೆಂಡ್. ಸ್ಟಾಕ್‌ಹೋಮಿನ ಆ ಓಟಕ್ಕೆ ತಿಂಗಳ ಹಿಂದೆಯಷ್ಟೇ ಅದನ್ನು ಓಡಿದ್ದವನು ಕಿವಿಯಟ್.